ಚೋಕಿನ ಬಿಲ್ಲೆ

ಕಂಡಕ್ಟರು ತೀರಿಕೊಂಡರೆಂದು ಹೊಳೆನರಸೀಪುರದಿಂದ ಫೋನ್ ಬಂದಾಗ ನನ್ನ ತಲೆಗೆ ಮೊದಲು ಹೊಳೆದದ್ದನ್ನು ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ‘ಅಯ್ಯೋ, ಇವರ ಮನೆಯಲ್ಲಿ ಕಾರೇ ಇಲ್ಲವಲ್ಲ, ಬಿಚ್ಚಿಕೊಳ್ಳೋಕೆ ಏನೂ ಸಿಗಲ್ಲ’ ಅಂತ. ಅಳು ಬಂದದ್ದು ಅರ್ಧ ಗಂಟೆ ಬಿಟ್ಟು, ಒಲೆಯ ಮೇಲಿನ ಹಾಲು ಉಕ್ಕಿದ ಮೇಲೆ. ಯಾರದಾದರೂ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಸತ್ತವರ ಮುಖಕ್ಕಿಂತ ಮೊದಲು ಅವರ ಮನೆಯ ಕಾರ್ ಶೆಡ್ಡು ಕಣ್ಣಿಗೆ ಕಟ್ಟುವ ಈ ಕೆಟ್ಟ ಬುದ್ಧಿಯನ್ನು ನನಗೆ ಕಲಿಸಿದವರೇ ಅವರು. ಕಲಿತದ್ದನ್ನು ಅವರ ಮೇಲೇ ಪ್ರಯೋಗ ಮಾಡಿದೆ ಅಂದುಕೊಳ್ಳಿ.

ಅವರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಸ್ಟ್ಯಾಂಡುಗಳ ನಡುವೆ ಓಡಾಡಿಯೇ ಅವರ ಆಯಸ್ಸು ಸವೆದದ್ದು. ಆಳು ಕುಳ್ಳು. ಚರ್ಮದ ಬ್ಯಾಗು ಹೊತ್ತು ಹೊತ್ತು ಎಡಹೆಗಲು ಜಗ್ಗಿತ್ತು. ನೆಲದ ಮೇಲೆ ನಿಂತರೂ ಕಾಲಗಲಿಸಿಯೇ ನಿಲ್ಲುತ್ತಿದ್ದರು, ಭೂಮಿ ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕಬಹುದು ಎಂಬ ಅನುಮಾನ ಇದ್ದವರ ಹಾಗೆ. ಡ್ರೈವಿಂಗ್ ಬರುತ್ತಿರಲಿಲ್ಲ. ಕಲಿಯಬೇಕು ಅಂತಲೂ ಇರಲಿಲ್ಲ. “ಡ್ರೈವರಂದ್ರೆ ಯಾರು ಮೇಡಂ? ನಾವು ರೈಟ್ ಅಂದ್ರೆ ಓಗವ್ನು, ಓಲ್ಡಾನ್ ಅಂದ್ರೆ ನಿಲ್ಸವ್ನು” ಎನ್ನುತ್ತಿದ್ದರು. ನನ್ನ ಕಾರಿನಲ್ಲಿ ಎಷ್ಟು ಕರೆದರೂ ಮುಂದಿನ ಸೀಟಿಗೆ ಬರಲಿಲ್ಲ. ಹಿಂದೆ, ಎಡಬಾಗಿಲ ಪಕ್ಕ ಕೂತು, ಹೊರಡುವಾಗ ಕಾರಿನ ತಲೆಗೆ ಎರಡೇಟು ತಟ್ಟುತ್ತಿದ್ದರು. ಮೊಸಳೆಹೊಸಳ್ಳಿ ಬಂದಾಗ ಕಾರಿನಲ್ಲಿ ನಾವಿಬ್ಬರೇ ಇದ್ದರೂ “ಮೊಸಳೆಹೊಸಳ್ಳಿ ಯಾರಿದ್ದೀರ, ಇಳೀರಿ ಇಳೀರಿ” ಅಂತ ಬಾಯಿ ತಾನೇ ತಾನಾಗಿ ಕೂಗುತ್ತಿತ್ತು. ನಾನು ನಕ್ಕರೆ ಸಿಟ್ಟು ಬರುತ್ತಿತ್ತು.

ಅವರಿಗಿದ್ದ ಜಂಬ ಒಂದೇ. ಸರ್ವಿಸಿನಲ್ಲಿ ಒಂದೂ ಕೇಸಿಲ್ಲ. ಕಂಡಕ್ಟರುಗಳ ಭಾಷೆಯಲ್ಲಿ ಕೇಸು ಎಂದರೆ ಗೊತ್ತಲ್ಲ, ದಾರಿ ಮಧ್ಯೆ ಚೆಕಿಂಗಿನವರು ಹತ್ತಿದಾಗ ಟಿಕೆಟಿಲ್ಲದ ಒಬ್ಬ ಸಿಕ್ಕಿಬಿದ್ದರೂ ಕಂಡಕ್ಟರ ಹೆಸರಿಗೆ ಒಂದು ಬೀಳುತ್ತದೆ. ಅದು ಬಿದ್ದರೆ ಎದೆಯ ಮೇಲಿನ ಬಿಲ್ಲೆಗೆ ಮರ್ಯಾದೆ ಇಲ್ಲ ಎಂದು ಅವರ ನಂಬಿಕೆ. ಒಮ್ಮೆ ಅವರ ಅತ್ತೆ ಹಳ್ಳಿಮೈಸೂರಿನಲ್ಲಿ ಒಂದು ಹುಂಜ ಹಿಡಿದುಕೊಂಡು ಇವರದೇ ಬಸ್ಸು ಹತ್ತಿದರಂತೆ. ಹುಂಜ ಅಳಿಯನ ಸಾರಿಗೇ ಹೊರಟದ್ದು. ಅಳಿಯ ಅತ್ತೆಗೊಂದು, ಹುಂಜಕ್ಕೊಂದು ಟಿಕೆಟ್ ಹರಿದರು. ಆ ಮುದುಕಿ ಹೊಳೆನರಸೀಪುರದವರೆಗೂ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದು, ಮನೆಯಲ್ಲಿ ಸಾರು ಬಡಿಸುವಾಗ ಅಳಿಯನ ತಟ್ಟೆಗೆ ಬರೀ ಕತ್ತಿನ ತುಂಡು ಹಾಕಿದರಂತೆ. “ಕತ್ತೇ ತಿಂದೆ ಮೇಡಂ, ಆದ್ರೆ ಕೇಸಿಲ್ಲ” ಎಂದು ಅವರು ಇದನ್ನು ಎಷ್ಟು ಸಲ ಹೇಳಿದ್ದರೋ. ಇಷ್ಟು ಕಾಪಾಡಿಕೊಂಡ ಹೆಸರಿನ ಮೇಲೆ ಕೊನೆಗಾಲದಲ್ಲಿ ಒಂದು ಕೇಸು ಬಿತ್ತು. ಹಾಕಿಸಿದವಳು ನಾನು. ಇದನ್ನು ಬರೆಯುತ್ತಿರುವುದು ಅದಕ್ಕೇ.

ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನದೊಂದು ಹಳೆಯ ಪದ್ಮಿನಿ ಕಾರಿದೆ. ನನ್ನ ದುಡಿಮೆಯಲ್ಲಿ ನಾನೇ ಹೋಗಿ ನೋಡಿ ಕೊಂಡ ಮೊದಲ ವಸ್ತು ಅದು. ತವರಿನ ಉಡುಗೊರೆಯಲ್ಲ, ಗಂಡ ಕೊಡಿಸಿದ್ದಲ್ಲ. ನಾನು ಮೊದಲ ದಿನ ಅದನ್ನು ರಿವರ್ಸ್ ತೆಗೆಯುವಾಗ ಬೀದಿಯ ಹೆಂಗಸರೆಲ್ಲ ಗೇಟಿಗೆ ಬಂದು ನಿಂತಿದ್ದರು, ಗೋಡೆಗೆ ಗುದ್ದುತ್ತೇನೆ ಅಂತ ಕಾದುಕೊಂಡು. ಗುದ್ದಲಿಲ್ಲ. ಆವತ್ತಿನಿಂದ ಅದರ ಮೇಲೆ ನನಗೆ ಮಮತೆ ಜಾಸ್ತಿ. ಮನೆಯವರು ಮಾತ್ರ “ನಿನ್ನ ಗಾಡಿ ಬಿಡೋ ಹೊಗೆಗೆ ಬೀದಿ ಸೊಳ್ಳೆಯೆಲ್ಲ ಸಾಯ್ತವೆ, ನಗರಸಭೆಯವರಿಗೆ ಬಾಡಿಗೆಗೆ ಕೊಡು” ಎನ್ನುತ್ತಿದ್ದರು.

ಹೊಗೆಗೆ ಕಾರಣ ಚೋಕು. ಬೆಳಗಿನ ಚಳಿಯಲ್ಲಿ ಎಂಜಿನ್ ಏಳಬೇಕಾದರೆ ಅದಕ್ಕೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಜಾಸ್ತಿ ಕುಡಿಸಬೇಕು. ಆ ಕೆಲಸಕ್ಕೆ ಸ್ಟೇರಿಂಗ್ ಪಕ್ಕ ಒಂದು ಗುಂಡಿ. ಅದನ್ನು ಎಳೆದರೆ ಕಾರ್ಬೊರೇಟರಿನ ಮಗ್ಗುಲಲ್ಲಿ ಎರಡು ಸ್ಕ್ರೂ ಹಾಕಿ ಮುಚ್ಚಿರುವ ಸಣ್ಣ ಗೂಡಿನೊಳಗೆ ಒಂದು ತೂತುಬಿಲ್ಲೆ ತಿರುಗುತ್ತದೆ. ಅಗಲ ಒಂದು ನಾಣ್ಯದಷ್ಟು. ನನ್ನ ಗಾಡಿಯ ಬಿಲ್ಲೆ ಸವೆದು, ಅಡ್ಡಡ್ಡ ಒಂದು ಗೀರು ಬಿದ್ದು, ಬೇಕಾದಾಗ ಪೆಟ್ರೋಲು ಕೊಡದೆ ಬೇಡವಾದಾಗ ಸೋರಿಸುತ್ತಿತ್ತು. ಬೆಳಗ್ಗೆ ಗಾಡಿ ಏಳುತ್ತಿರಲಿಲ್ಲ, ಎದ್ದ ಮೇಲೆ ಕರೀ ಹೊಗೆ. ಹೀಗೇ ಇದ್ದರೆ ಮುಂದಿನ ಎಫ್‌ಸಿಯಲ್ಲಿ, ಅಂದರೆ ಆರ್‌ಟಿಒದವರ ಫಿಟ್‌ನೆಸ್ ತಪಾಸಣೆಯಲ್ಲಿ, ಹೊಗೆ ಪರೀಕ್ಷೆ ಪಾಸಾಗುವುದಿಲ್ಲ, ಪಾಸಾಗದಿದ್ದರೆ ಗಾಡಿ ಗುಜರಿಗೆ. ಅಂಗಡಿಗಳಲ್ಲಿ ಕೇಳಿದರೆ ಪದ್ಮಿನಿ ಅಂದ ಕೂಡಲೇ ನಗುತ್ತಿದ್ದರು.

ಯಾರೋ ಚನ್ನರಾಯಪಟ್ಟಣದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ನಂಬರ್ ಕೊಟ್ಟರು. ಫೋನ್ ಮಾಡಿ, ಹಾಸನದ ಹೈಸ್ಕೂಲ್ ಟೀಚರು ಮಾತಾಡ್ತಿರೋದು, ಪದ್ಮಿನಿಗೆ ಚೋಕ್ ಪೀಸ್ ಬೇಕು ಅಂದೆ. ‘ಇದೆ ಮೇಡಂ, ಬಸ್ಸಿಗೆ ಹಾಕಿ ಕಳಿಸ್ತೀನಿ’ ಅಂದ ಪುಣ್ಯಾತ್ಮ. ಕುಣಿದುಕೊಂಡು ಹಾಸನದ ಬಸ್ ಸ್ಟ್ಯಾಂಡಿಗೆ ಹೋದೆ. ಕುಳ್ಳು ಕಂಡಕ್ಟರೊಬ್ಬರು ಒಂದು ಡಬ್ಬ ಕೈಗಿತ್ತರು. ಬಿಚ್ಚಿದರೆ ಚಾಕ್‌ಪೀಸು. ಬಣ್ಣಬಣ್ಣದ್ದು.

ಸಿಟ್ಟನ್ನೆಲ್ಲ ಎದುರಿಗಿದ್ದ ಕಂಡಕ್ಟರ ಮೇಲೇ ತೀರಿಸಿಕೊಂಡೆ. ಅವರು ಕಾಲಗಲಿಸಿ ನಿಂತು, ನಾನು ಉಸಿರು ತಿರುಗಿಸಿಕೊಳ್ಳುವವರೆಗೆ ಕಾದರು.

“ಮೇಡಂ, ಫೋನಲ್ಲಿ ಏನಂದ್ರಿ?”

ಹೇಳಿದೆ.

“ಆ ಅಂಗ್ಡಿ ಅಣ್ತಮ್ಮಂದಿರ್ದು. ಅಣ್ಣಂದು ಸ್ಪೇರ್ ಪಾರ್ಟು, ತಮ್ಮಂದು ಪುಸ್ತಕದ ಅಂಗ್ಡಿ. ಇಬ್ರುಗೂ ಒಂದೇ ಫೋನು. ತಮ್ಮ ಎತ್ಕಂಡವ್ನೆ. ಪದ್ಮಿನಿ ಅಂದ್ರೆ ನಿಮ್ ಎಡ್ಮಿಸ್ಟ್ರೆಸ್ ಎಸ್ರು ಅಂದ್ಕಂಡವ್ನೆ.” ಆಮೇಲೆ ದನಿ ತಗ್ಗಿಸಿ, ರಹಸ್ಯ ಹೇಳುವವರಂತೆ ಅಂದರು: “ಚೋಕು ಅಂಗ್ಡೀಲಿ ಸಿಗಲ್ಲ ಮೇಡಂ. ಸತ್ತೋರ ಮನೇಲಿ ಸಿಗ್ತದೆ.”

ನಮ್ಮ ಸ್ನೇಹ ಶುರುವಾದದ್ದು ಹೀಗೆ. ಆ ಚಾಕ್‌ಪೀಸನ್ನು ಎರಡು ವರ್ಷ ಕ್ಲಾಸಿನಲ್ಲಿ ಬಳಸಿದೆ.

ಮರುವರ್ಷ ಅವರು ರಿಟೈರ್ ಆದರು. ಬಸ್ಸಿನ ಕಿಟಕಿಯಿಂದ ಮೂರು ದಶಕ ನೋಡಿ ನೋಡಿ ಜಿಲ್ಲೆಯ ಯಾವ ಮನೆಯಲ್ಲಿ ಯಾವ ಹಳೇ ಗಾಡಿ ನಿಂತಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಹುಡುಕಿಕೊಡಲು ಬೇರೆ ಕಾರಣವೇನೂ ಇರಲಿಲ್ಲ, ಮನೆಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು ಅಷ್ಟೇ. ಬೆಳಗ್ಗೆ ಪೇಪರಿನಲ್ಲಿ ಮೊದಲು ತೆಗೆಯುತ್ತಿದ್ದುದು ನಿಧನ ವಾರ್ತೆಯ ಪುಟ. ನನಗೆ ಫೋನು ಬರುತ್ತಿತ್ತು: “ಮೇಡಂ, ಕೊಣನೂರಲ್ಲಿ ಒಬ್ರು ಓಗ್ಬುಟ್ರು. ಪಾಪ. ಗಾಡಿ ಐತೆ.” ಆ ‘ಪಾಪ’ಕ್ಕೂ ‘ಗಾಡಿ ಐತೆ’ಗೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರುತ್ತಿರಲಿಲ್ಲ.

ಅದಕ್ಕೊಂದು ಕ್ರಮವಿತ್ತು. ಮಣ್ಣಿಗೆ ಹೋಗಬಾರದು, ಮೂರನೇ ದಿನದ ಹಾಲುತುಪ್ಪಕ್ಕೂ ಹೋಗಬಾರದು, ಆಗ ನಿಜವಾಗಿ ಅಳುತ್ತಿರುತ್ತಾರೆ. ಹನ್ನೊಂದರ ತಿಥಿಗೆ ಹೋಗಬೇಕು. “ತಿಥಿ ಒತ್ಗೆ ಅಣ್ತಮ್ಮಂದಿರು ಜಮೀನ್ಗೆ ಕಿತ್ತಾಡಕ್ಕೆ ಶುರು ಮಾಡಿರ್ತಾರೆ ಮೇಡಂ. ಆಗ ಒಂದ್ ಕಾರ್ಬೇಟ್ರು ಕೇಳಿದ್ರೆ, ತಗಂಡೋಗಪ್ಪ ಅತ್ಲಾಗಿ ಅಂತಾರೆ.” ನಾನು ಛೀ ಅನ್ನುತ್ತಿದ್ದೆ. ಛೀ ಅನ್ನುತ್ತಲೇ ಅವರ ಪಕ್ಕದ ಎಲೆಗೆ ಕೂತು ಎಷ್ಟು ತಿಥಿಗಳಲ್ಲಿ ಹೋಳಿಗೆ ತಿಂದಿದ್ದೇನೋ ಲೆಕ್ಕವಿಲ್ಲ. ಸತ್ತವರು ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ ಕಂಡಕ್ಟರು, “ನಮ್ ಬಸ್ಸಲ್ಲೇ ಓಡಾಡ್ತಿದ್ರು” ಎನ್ನುತ್ತಿದ್ದರು. ಈ ಜಿಲ್ಲೆಯಲ್ಲಿ ಯಾರ ಬಗ್ಗೆ ಹೇಳಿದರೂ ಅದು ಸುಳ್ಳಾಗುತ್ತಿರಲಿಲ್ಲ.

ಆದರೆ ಬಿಲ್ಲೆ ಮಾತ್ರ ಸಿಗಲಿಲ್ಲ. ಕೆಲವು ತುಕ್ಕು ಹಿಡಿದಿದ್ದವು, ಕೆಲವು ನನ್ನದಕ್ಕಿಂತ ಸವೆದಿದ್ದವು. ಕಟ್ಟಾಯದ ಒಂದು ಮನೆಯಲ್ಲಿ ಕಾರಿನೊಳಗೆ ಸೀಟು ಕಿತ್ತು, ತಲೆಯವರೆಗೂ ಬಿತ್ತನೆ ಆಲೂಗಡ್ಡೆ ತುಂಬಿದ್ದರು. ಬಾನೆಟ್ ತೆಗೆಯುವ ಹಿಡಿ ಗಾಡಿಯ ಒಳಗಿರುವುದಲ್ಲವೇ, ಅದು ಆಲೂಗಡ್ಡೆಯ ತಳದಲ್ಲಿತ್ತು. ನಾನು ಸೆರಗು ಸಿಕ್ಕಿಸಿಕೊಂಡು, ಅವರು ಪಂಚೆ ಎತ್ತಿಕಟ್ಟಿಕೊಂಡು, ಮಂಕರಿಗಟ್ಟಲೆ ಆಲೂಗಡ್ಡೆ ಹೊರಗೆ ಸುರಿದೆವು. ಹಿಡಿ ಸಿಕ್ಕಿತು. ಎಳೆದು ಬಾನೆಟ್ ಎತ್ತಿದರೆ ಕಾರ್ಬೊರೇಟರೇ ಇಲ್ಲ. ಕಂಡಕ್ಟರು ಆ ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡಿ, “ನಮಗಿಂತ ಮುಂಚೇನೆ ಯಾರೋ ತಿಥಿಗೆ ಬಂದೋಗವ್ರೆ” ಎಂದರು. ಆಲೂಗಡ್ಡೆಯನ್ನೆಲ್ಲ ವಾಪಸ್ಸು ತುಂಬಿಯೇ ಹೋಗಬೇಕು ಎಂದು ಮನೆಯಾಕೆ ಬಾಗಿಲಲ್ಲಿ ನಿಂತಳು.

ಇಷ್ಟರಲ್ಲಿ ಎಫ್‌ಸಿಯ ದಿನ ಹತ್ತಿರ ಬಂತು. ತಿಂಗಳೂ ಉಳಿದಿರಲಿಲ್ಲ. ಆಗ ಕಂಡಕ್ಟರು ಒಂದು ದಿನ ಅರಕಲಗೂಡಿನ ಬಸ್ಸಿನಿಂದಲೇ ಫೋನ್ ಮಾಡಿದರು. ರಾಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರಿದ್ದರು. ಅವರದೂ ಪದ್ಮಿನಿ, ಚೆನ್ನಾಗಿಟ್ಟುಕೊಂಡ ಗಾಡಿ. ರಸ್ತೆ ಪಕ್ಕದಲ್ಲಿ ಅವರ ದೊಡ್ಡ ಫ್ಲೆಕ್ಸು ಕಟ್ಟಿದ್ದಾರೆ, ಫೋಟೋಗೆ ಹಾರ, ಸುತ್ತ ನೆಂಟರಿಷ್ಟರ ಮುಖಗಳು. “ಓಗ್ಬುಟ್ಟವ್ರೆ ಮೇಡಂ. ಈ ಬಿಲ್ಲೆ ನಿಮ್ದೇ.” ಅವರು ಹನ್ನೊಂದು ದಿನ ಲೆಕ್ಕ ಹಾಕಿದರು. ಅದು ಭಾನುವಾರವೇ ಬಿತ್ತು. ದೇವರೂ ನಮ್ಮ ಕಡೆ ಇದ್ದಾನೆ ಎಂದುಕೊಂಡು ಹೊಳೆನರಸೀಪುರದಲ್ಲಿ ಅವರನ್ನು ಹತ್ತಿಸಿಕೊಂಡು ಹೊಗೆ ಬಿಡುತ್ತ ಹೊರಟೆ.

ಅಂಗಳದಲ್ಲಿ ಶಾಮಿಯಾನದ ಗುಳಿಗಳಿದ್ದವು. ಯಜಮಾನರ ಹೆಂಡತಿ ಬಾಗಿಲಿಗೆ ಬಂದರು. ಹಣೆಯ ತುಂಬ ಕುಂಕುಮ ಇತ್ತು. ಅದನ್ನು ನಾನು ನೋಡಿದೆ, ಕಂಡಕ್ಟರು ನೋಡಲಿಲ್ಲ. ಅವರಾಗಲೇ ಕೈಮುಗಿದು ಶುರುಮಾಡಿದ್ದರು.

“ಏನ್ ಮಾಡಕಾಯ್ತದವ್ವ, ಋಣ ಅಷ್ಟೇ ಇತ್ತು ಅನ್ಕಬೇಕು. ಒಳ್ಳೇ ಜೀವ.”

“ಯಾರ್ದು?” ಎಂದರು ಆಕೆ.

ಅಷ್ಟರಲ್ಲಿ ಹಿತ್ತಲಿನ ಕಡೆಯಿಂದ ಕೈಯಲ್ಲಿ ಚೊಂಬು ಹಿಡಿದುಕೊಂಡು ಯಜಮಾನರೇ ಬಂದರು. ಫ್ಲೆಕ್ಸು ಅವರ ಎಂಬತ್ತನೇ ಹುಟ್ಟುಹಬ್ಬದ್ದು. ಹಾರ ಸನ್ಮಾನದ್ದು. ‘ಹಾರ್ದಿಕ ಶುಭಾಶಯಗಳು’ ಎಂಬ ಸಾಲಿನ ಮುಂದೆ ಎಳನೀರಿನವನು ಗುಡ್ಡೆ ಹಾಕಿಕೊಂಡು ಕೂತಿದ್ದರಿಂದ ಬಸ್ಸಿನ ಕಿಟಕಿಗೆ ಅದು ಕಂಡಿರಲಿಲ್ಲ.

“ಯಾರ್ ಓದದ್ದು ಕಂಡಕ್ಟ್ರೆ?” ಎಂದು ಯಜಮಾನರು ಕೇಳಿದರು. ನನಗೆ ನೆಲ ಬಿರಿದು ಒಳಗೆ ಹೋಗಿಬಿಡೋಣ ಅನ್ನಿಸಿತು. ಕಂಡಕ್ಟರು ಮಾತ್ರ ಕಾಲಗಲಿಸಿ ನಿಂತೇ ಇದ್ದರು.

“ಅದೇ ಯಜಮಾನ್ರೆ, ನಿಮ್ ಗಾಡಿ. ತೀರ್ಕಂಡ್ತಂತಲ್ಲ, ಕೇಳ್ಕಂಡು ಬಂದೆ.”

ಯಜಮಾನರ ಮುಖ ಕೆಂಪಗಾಯಿತು. “ಯಾವನ್ಲಾ ಯೋಳಿದ್ದು ನನ್ ಗಾಡಿ ಸತ್ತದೆ ಅಂತ? ಕಣ್ ಸರಿಯಿಲ್ಲ ಅಂತ ಮಕ್ಕಳು ಓಡ್ಸಕ್ಕೆ ಬುಡ್ತಿಲ್ಲ, ನಿಂತದೆ. ನಿಂತದೆ ಕಣ್ಲಾ, ಸತ್ತಿಲ್ಲ! ನೀನೇ ಸ್ಟಾಟ್ ಮಾಡಿ ತೋರ್ಸ್ಬುಟ್ಟೇ ಓಗ್ಬೇಕು ಇವತ್ತು.”

ಆವತ್ತೇ ಆಗಲಿಲ್ಲ, ಮೂರು ಭಾನುವಾರ ಹಿಡಿಯಿತು. ಬ್ಯಾಟರಿ ಹಾಕಿಸಿ, ಟ್ಯಾಂಕು ತೊಳೆದು, ಕಾರ್ಬೊರೇಟರ್ ಬಿಚ್ಚಿದೆವು. ಒಳಗಿನ ಬಿಲ್ಲೆ ನೋಡಿದೆ. ಒಂದು ಗೀರಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಮಿಂಚುತ್ತಿತ್ತು. ಎರಡು ವರ್ಷ ತಿಥಿಯೂಟ ಮಾಡಿ ಹುಡುಕಿದ್ದು ನನ್ನ ಅಂಗೈ ಮೇಲಿತ್ತು. ಎಫ್‌ಸಿಗೆ ನಾಲ್ಕೇ ದಿನ. ಕಂಡಕ್ಟರ ಮುಖ ನೋಡಿದೆ. ಅವರು ಬಿಲ್ಲೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

“ಬ್ಯಾಡ ಮೇಡಂ. ಸತ್ತೋರ್ದು ಎತ್ಕಬೋದು. ಉಸಿರಾಡೋರ್ದು ಎತ್ಕಂಡ್ರೆ ಕೇಸಾಯ್ತದೆ.”

ಕೇಳಿ ನೋಡೋಣ ಅಂದೆ. “ಅವ್ರು ಆ ಗಾಡಿ ಬದ್ಕೈತೆ ಅಂತ ನಂಬ್ಕಂಡವ್ರೆ. ಎಂಗ್ ಕೇಳದು?” ಅಂದರು. ಹಾಕಿದರು, ಸ್ಕ್ರೂ ಬಿಗಿದರು. ಯಜಮಾನರು ಸೀಟಿನಲ್ಲಿ ಕೂತು ಗುಂಡಿ ಎಳೆದು ಸೆಲ್ಫ್ ಹೊಡೆದರು. ಒಂದೇ ಸಲಕ್ಕೆ ಗಾಡಿ ಎದ್ದಿತು. ಎಂಬತ್ತರ ಮುದುಕ ಹಾರನ್ ಹೊಡೆದು ಹೊಡೆದು ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದರು. ನಾನು ಕೈ ತಟ್ಟಿದೆ. ಕಣ್ಣು ಮಾತ್ರ ಕಾರ್ಬೊರೇಟರಿನ ಮೇಲೇ ಇತ್ತು.

ಗಂಡಸರಿಬ್ಬರೂ ಕಾಫಿಗೆಂದು ಜಗಲಿಗೆ ಹೋದರು. ಶೆಡ್ಡಿನಲ್ಲಿ ನಾನೂ ಯಜಮಾನರ ಹೆಂಡತಿಯೂ ಉಳಿದೆವು. ಆಕೆ ನನ್ನ ಹತ್ತಿರ ಸರಿದು ಕಿವಿಯ ಬಳಿ ಹೇಳಿದರು: “ಅವ್ವಾ, ನೀವ್ ಮಾತಾಡ್ಕಂಡಿದ್ದು ಕೇಳುಸ್ತು. ನಿಂಗ್ ಆ ಬಿಲ್ಲೆ ಬೇಕಂತಲ್ಲ, ತಗಂಡೋಗು. ಈ ಗಾಡಿ ಶುರುವಾದ್ರೆ ಇವ್ರು ರೋಡಿಗೆ ಇಳಿಸ್ತಾರೆ. ಎದ್ರಿಗ್ ಬರೋದು ಎಮ್ಮೆನೋ ಲಾರಿನೋ ಕಾಣಲ್ಲ. ಆಮೇಕೆ ಆ ಎಳನೀರವ್ನ ಪಕ್ದಲ್ಲಿ ನಿಜವಾದ್ ಫ್ಲೆಕ್ಸೇ ಕಟ್ಬೇಕಾಯ್ತದೆ.” ಎಂದವರೇ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು.

ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡಿದ ಮಕ್ಕಳನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುವ ಟೀಚರು ನಾನು. ಎರಡು ಸ್ಕ್ರೂ, ಒಂದು ಮುಚ್ಚಳ. ನನ್ನ ಗಾಡಿಯ ಗೀರುಬಿದ್ದ ಬಿಲ್ಲೆ ಅವರದಕ್ಕೆ, ಅವರ ಮಿಂಚುವ ಬಿಲ್ಲೆ ನನ್ನದಕ್ಕೆ. ಅವರ ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮುಗಿಯಿತು.

ಗುರುವಾರ ಎಫ್‌ಸಿ ಪಾಸಾಯಿತು. ಕಂಡಕ್ಟರಿಗೆ ಫೋನ್ ಮಾಡಿ, ಬೆಂಗಳೂರಿನ ಸ್ನೇಹಿತೆಯೊಬ್ಬಳು ಎಲ್ಲಿಂದಲೋ ಒಂದು ಬಿಲ್ಲೆ ತರಿಸಿಕೊಟ್ಟಳು ಅಂದೆ. “ಒಳ್ಳೇದಾಯ್ತು ಬುಡಿ ಮೇಡಂ” ಎಂದರು. ನಂಬಿದರು ಎಂದುಕೊಂಡೆ. ನಾಲ್ಕು ಸ್ಟ್ಯಾಂಡಿನ ಜನರ ಮುಖ ನೋಡಿಯೇ ಟಿಕೆಟಿಲ್ಲದವರನ್ನು ಹಿಡಿಯುತ್ತಿದ್ದ ಮನುಷ್ಯನಿಗೆ ನಾನೇ ಟೋಪಿ ಹಾಕಿಬಿಟ್ಟೆ ಎಂದು ಒಳಗೊಳಗೇ ಬೀಗಿದೆ ಕೂಡ. ಇಂಥ ದಡ್ಡಿ ಗಣಿತ ಹೇಳಿಕೊಡುತ್ತಾಳೆ ನೋಡಿ.

ಆಮೇಲಿನ ಒಂದೂವರೆ ವರ್ಷ ಸ್ನೇಹ ಹಾಗೇ ಇತ್ತು. ಹಾಸನಕ್ಕೆ ಬಂದರೆ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಒಂದೆರಡು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ನನ್ನ ಗಾಡಿ ಸರಿಹೋಗಿದ್ದರೂ ಅವರು ತಿಥಿಗಳಿಗೆ ಹೋಗಿ ಬಿಲ್ಲೆ ಕೇಳುವುದನ್ನು ಬಿಟ್ಟಿರಲಿಲ್ಲ. ಯಾಕೆ ಅಂದರೆ “ಸ್ಪೇರ್ ಇರ್ಲಿ ಬುಡಿ” ಅನ್ನುತ್ತಿದ್ದರು. ಸೋಮವಾರ ಬಿದ್ದ ತಿಥಿಗೆ ಮಾತ್ರ ಹೋಗುತ್ತಿರಲಿಲ್ಲ. ಒಂದು ಸಲ ಲೋಟ ತೆಗೆದುಕೊಳ್ಳುವಾಗ ನೋಡಿದೆ, ಬಲಗೈಯ ಅಂಗೈ ಬೆಳ್ಳಗೆ ಸುಲಿದು ಬಿರುಕುಬಿಟ್ಟಿತ್ತು. ಪೆಟ್ರೋಲ್ ವಾಸನೆ. ಏನಾಯಿತು ಅಂದೆ. “ಸೋಪು ಆಗ್ಬರ್ತಿಲ್ಲ” ಅಂದರು. ಕೊಬ್ಬರಿ ಎಣ್ಣೆ ಹಚ್ಚಿ ಎಂದು ಉಪದೇಶ ಮಾಡಿ ಕಳಿಸಿದೆ.

ಕಂಡಕ್ಟರ ಹಾಲುತುಪ್ಪದ ದಿನ ಹೊಳೆನರಸೀಪುರಕ್ಕೆ ಹೋದೆ. ಮನೆ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ರಿಟೈರಾದ ಕಂಡಕ್ಟರುಗಳು, ಡ್ರೈವರುಗಳು ತುಂಬ ಮಂದಿ ಬಂದಿದ್ದರು. ಅವರ ಹೆಂಡತಿ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದರು. ನಡುವೆ ಕೋಲು ಹಿಡಿದು ಕೂತಿದ್ದವರು ರಾಮನಾಥಪುರದ ಕಡೆಯ ಆ ಯಜಮಾನರು, ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದರು. ಸತ್ತವರ ಬಗ್ಗೆ ಎಲ್ಲರೂ ಒಂದೊಂದು ನೆನಪು ಹೇಳುತ್ತಿದ್ದರು. ಹುಂಜದ ಟಿಕೆಟ್ಟಿನ ಕತೆ ಆಗಲೇ ಆಗಿಹೋಗಿತ್ತು. ಯಾರೋ “ಸರ್ವಿಸಲ್ಲಿ ಒಂದ್ ಕೇಸಿಲ್ಲ ಅವ್ರ ಮ್ಯಾಲೆ” ಎಂದರು.

ಯಜಮಾನರು ಜೋರಾಗಿ ನಕ್ಕರು.

“ಅದ್ ನಿಮ್ ಸರ್ವಿಸಲ್ಲಿ. ನನ್ ಗಾಡಿ ಚೋಕ್ ಬಿಲ್ಲೆ ತಿಂದ್ಬುಟ್ಟವ್ನೆ ಗೊತ್ತಾ? ಗಾಡಿ ಶುರುವಾದ್ ಮಾರ್ನೆ ದಿನ್ವೆ ಏಳ್ನಿಲ್ಲ. ಬಂದು ಬಿಚ್ಚಿ ನೋಡ್ದ. ನೋಡ್ದ ನೋಡ್ದ, ಆಮೇಕೆ ಅಂತಾನೆ, ‘ನಿನ್ನೆ ಒರೆಸುವಾಗ ನನ್ ಕೈಯಿಂದ್ಲೇ ಬಿದ್ದೋಯ್ತು ಯಜಮಾನ್ರೆ, ಯಾವ್ದೋ ಹಳೇದ್ ಆಕ್ಬುಟ್ಟೆ’ ಅಂತ. ಬಿದ್ದೋದದ್ದಂತೆ! ಯಾವನ್ಗೋ ಕೊಟ್ಟವ್ನೆ ಕಳ್ ನನ್ಮಗ. ಬುಡ್ಲಿಲ್ಲ ನಾನು. ಇನ್ನೊಂದು ಸಿಗಗಂಟ ನೀನೇ ಬಂದು ಸ್ಟಾಟ್ ಮಾಡ್ಕೊಡ್ಬೇಕು ಅಂದೆ. ಸೋಮ್ವಾರ ಸೋಮ್ವಾರ ಫಸ್ಟ್ ಬಸ್ಸಿಗೆ ಬರವ. ಕಾರ್ಬೇಟ್ರು ಬಾಯಿಗೆ ಅಂಗೈ ಮುಚ್ಚಿ ಇಡ್ಕಳವ, ಗಾಳಿ ಓಗ್ದಂಗೆ. ನಾನು ಸೆಲ್ಫ್ ಒಡ್ಯವ್ನು. ಪೆಟ್ರೋಲೆಲ್ಲ ಕೈಗೆ ಉಗಿಯದು. ಚೋಕ್ ಇಲ್ದೆ ರೋಡ್ಗೆ ಇಳಿಸಂಗಿಲ್ಲ ಅಂತ ನಂಗೇ ಆರ್ಡ್ರು ಬ್ಯಾರೆ. ಬಂದಾಗೆಲ್ಲ ನಾನು, ‘ಬಾರಲಾ ಕಳ್ಳ’ ಅಂತ್ಲೇ ಕರ್ಯದು. ನಗ್ತಿದ್ದ. ಒಳ್ಳೆ ಮನ್ಷ, ಆದ್ರೆ ಬಿಲ್ಲೆ ಕಳ್ಳ!”

ಎಲ್ಲರೂ ನಕ್ಕರು. ಸಾವಿನ ಮನೆಯಲ್ಲಿ ಮೂರನೇ ದಿನ ಅಂಥದ್ದೊಂದು ನಗು ಎಲ್ಲರಿಗೂ ಬೇಕಿತ್ತು. ನಾನೂ ನಗುವ ಹಾಗೆ ತುಟಿ ಅಗಲಿಸಿದೆ. ನನ್ನ ಬಿಲ್ಲೆಯ ಗೀರನ್ನು ಅವರು ನೂರು ಸಲ ಕಂಡಿದ್ದರು. ಮುಚ್ಚಳ ತೆಗೆದ ಕೂಡಲೇ ಅದು ಯಾರದು ಎಂದು ಗೊತ್ತಾಗಿದೆ. ಆ ಶೆಡ್ಡಿನಲ್ಲಿ ನಿಂತೇ ಅವರು ಆ ಕೇಸನ್ನು ತಮ್ಮ ಹೆಸರಿಗೆ ಬರೆದುಕೊಂಡಿದ್ದಾರೆ. ಆ ಮೇಲೆ ವಾರಕ್ಕೊಂದು ಸಲ ಬಸ್ಸು ಹತ್ತಿ ಹೋಗಿ ಕಳ್ಳ ಅನ್ನಿಸಿಕೊಂಡು ಬಂದಿದ್ದಾರೆ. ನಾನು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದ್ದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಯಜಮಾನರ ಹೆಂಡತಿ. ಆಕೆ ಬಂದಿರಲಿಲ್ಲ. ಸುಮ್ಮನಿರುವುದು ಎಷ್ಟು ಸುಲಭ ಎಂದು ಎರಡು ಸಲ ಲೆಕ್ಕ ಹಾಕಿದ್ದೂ ನಿಜ. ಆಮೇಲೆ ಎದ್ದುನಿಂತೆ. ಕ್ಲಾಸಿನಲ್ಲಿ ಎದ್ದುನಿಲ್ಲಿಸಿದ ಮಕ್ಕಳ ಹಾಗೆ ಕೈಕಟ್ಟಿಕೊಂಡೆ.

“ಯಜಮಾನ್ರೆ, ಅದನ್ನ ಕದ್ದವಳು ನಾನು” ಎಂದೆ. “ಅವರು ಕಾಫಿ ಕುಡೀತಿದ್ರು. ಅವರಿಗೆ ಗೊತ್ತೇ ಇರಲಿಲ್ಲ. ಹೊರಗಡೆ ನಿಂತಿದೆಯಲ್ಲ, ಆ ಗಾಡಿಯಲ್ಲಿದೆ ನಿಮ್ಮ ಬಿಲ್ಲೆ.”

ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಯಜಮಾನರು ಮಂಜಾದ ಕಣ್ಣಿನಿಂದ ನನ್ನನ್ನೇ ಹುಡುಕಿದರು. ನನಗೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಅಂಗಾದ್ರೆ ಅವ್ನ್ಯಾಕವ್ವಾ ಬೈಸ್ಕಂಡ?” ಎಂದರು. “ಒಂದೂವರೆ ವರ್ಸ... ಯಾಕ್ ಬೈಸ್ಕಂಡ ನನ್ ಕೈಲಿ?”

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಅವರ ಹೆಂಡತಿ ಚಾಪೆಯಿಂದ ಏಳದೆ, ನನ್ನ ಕಡೆಗೂ ನೋಡದೆ, ನೆಲ ನೋಡಿಕೊಂಡು ಹೇಳಿದರು:

“ನಾನೂ ಬಡ್ಕಂಡೆ ಬುಡಿ ಯಜಮಾನ್ರೆ. ಓಗಿ ನಿಜ ಯೋಳ್ಬಾರ್ದಾ ಅಂತ. ಕೇಳ್ನಿಲ್ಲ. ‘ನಂದು ರಿಟೈರ್ ಆಗೋಯ್ತಲ್ಲ, ಇನ್ನು ಕೇಸಾದ್ರೆ ಯಾರ್ ಕೇಳ್ತಾರೆ? ಮೇಡಮ್ನೋರ್ದು ಇನ್ನೂ ಸರ್ವಿಸ್ ಐತೆ’ ಅನ್ನೋರು.”